ಕ್ರಷರ್ ನಿಂತ ಏಳು ದಿನ

ಕಲ್ಲು ಕ್ರಷರ್ ತಪಾಸಣೆಗೆ ಹೋಗುವ ಎಂಟು ದಿನ ಮೊದಲೇ ಮಾಲೀಕರಿಗೆ ಕಾಗದ ಹಾಕುವುದು ನಮ್ಮ ಮಾಲಿನ್ಯ ನಿಯಂತ್ರಣ ಕಚೇರಿಯ ಪದ್ಧತಿ. ಮಾಲೀಕರು ಸ್ಥಳದಲ್ಲಿ ಹಾಜರಿರಬೇಕಲ್ಲ, ಅದಕ್ಕೆ. ಹಾಗಾಗಿ ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಜೀಪಿನಲ್ಲಿ ಹೋಗಿ ನೋಡಿದ ಕ್ರಷರ್‌ಗಳಲ್ಲಿ ಒಂದೂ ಓಡುತ್ತಿರಲಿಲ್ಲ. ಧೂಳು ಅಳೆಯುವ ನೌಕರಿಯಲ್ಲಿ ಆರು ವರ್ಷ ಧೂಳನ್ನೇ ಕಾಣಲಿಲ್ಲ ಎಂದರೆ ನಗಬೇಡಿ. ವರದಿಗಳಲ್ಲಿ ಹಾಗೇ ಇದೆ.

ರಾವಂದೂರಿನ ಆಚೆಯೂ ಅಂಥದ್ದೊಂದು ಕ್ರಷರ್ ಇತ್ತು. ನಾನು ಹೋದಾಗಲೆಲ್ಲ ನೆಲಕ್ಕೆ ನೀರು ಹೊಡೆದಿರುತ್ತಿತ್ತು, ಸುತ್ತ ಸಾಲಾಗಿ ಹೊಂಗೆ ಸಸಿ. ಒಮ್ಮೆ ಯಾಕೋ ಒಂದು ಸಸಿ ಹಿಡಿದು ಎಳೆದೆ. ನರ್ಸರಿಯ ಪ್ಲಾಸ್ಟಿಕ್ ಚೀಲದ ಸಮೇತ ಎದ್ದು ಬಂತು.

"ಈಗಿನ್ನೂ ಬೇರು ಬುಡ್ತಾ ಅದೆ ಸಾರ್, ವಸಿ ಟೈಮ್ ಕೊಡಿ" ಅಂದರು ಮಾಲೀಕರು. ಹೋದ ವರ್ಷವೂ ಅದೇ ಸಸಿ, ಅಷ್ಟೇ ಎತ್ತರ. ನನಗೆ ಮೈಯೆಲ್ಲ ಉರಿಯಿತು. ಅವರ ಮನೆಯ ನಾಟಿಕೋಳಿ ಸಾರು ಉಂಡು, 'ಗಿಡಗಳನ್ನು ನೆಡಲಾಗಿದೆ' ಎಂದು ಬರೆದೆ.

ಆ ಕ್ರಷರ್‌ನಿಂದ ಎರಡು ಹೊಲದಾಚೆ ಹೆಂಗಸೊಬ್ಬರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುತ್ತಿದ್ದರು. ಸೊಪ್ಪಿನ ಮೇಲೆ ಕಲ್ಲುಪುಡಿ ಕೂರುತ್ತದೆ, ಅದನ್ನು ತಿಂದ ಹುಳ ಗೂಡು ಕಟ್ಟುವ ಮೊದಲೇ ಸಾಯುತ್ತದೆ, ತೊಳೆದು ಹಾಕಿದರೆ ಒದ್ದೆ ಸೊಪ್ಪಿನಿಂದ ಹುಳಕ್ಕೆ ಬೇರೆ ರೋಗ ಬರುತ್ತದೆ ಎಂದು ಅವರು ಕೊಟ್ಟ ದೂರು ನನ್ನ ಮೇಜಿನ ಮೇಲಿತ್ತು. ಆಗಲೇ ಎರಡು ಬೆಳೆ ಹೋಗಿತ್ತು. ಒಂದು ದಿನ ಬಸ್ಸು ಹತ್ತಿ ಕಚೇರಿಗೇ ಬಂದರು. ಬೈಯಲು ಬಂದಿದ್ದಾರೆ ಅಂದುಕೊಂಡೆ.

"ನೀವು ಬರೋ ದಿವ್ಸ ಕ್ರಷರ್ ನಿಲ್ತದೆ, ಅಲ್ವಾ ಸಾ?"

ನಾನು ಅವರ ದೂರಿನ ಹಾಳೆ ತಿರುವಿದೆ.

"ಇನ್ನು ಹತ್ತು ದಿವ್ಸಕ್ಕೆ ನಮ್ಮ ಹುಳ ನಾಕನೇ ಜ್ವರ ಏಳ್ತವೆ. ಆಮೇಲೆ ಗೂಡು ಕಟ್ಟೋಗಂಟ ಏಳು ದಿವ್ಸ ಒಂದೇ ಸಮ ಮೇಯ್ತವೆ. ಆ ಏಳು ದಿವ್ಸವೂ ನೀವು ಬಂದ್ಬುಡಿ. ನಿಮ್ ಕಾಗ್ದಕ್ಕೆ ಎಂಟು ದಿವ್ಸ ಬೇಕಲ್ಲ, ಅದ್ಕೇ ಈಗ್ಲೇ ಹೇಳ್ತಾ ಇವ್ನಿ."

ಹುಳ ಪೊರೆ ಬಿಡುವುದಕ್ಕೆ ಅವರು ಜ್ವರ ಎನ್ನುತ್ತಾರೆ. ಆ ಲೆಕ್ಕಾಚಾರಕ್ಕೆ ನನಗೇ ಜ್ವರ ಬಂದ ಹಾಗಾಯಿತು.

"ಏನಮ್ಮಾ, ಏಳು ದಿನ ಬಂದು ಕೂರೋಕೆ ನಾನೇನು ನಿಮ್ಮ ಮನೆ ನೆಂಟನಾ?" ಎಂದು ರೇಗಿದೆ.

"ನೆಂಟ್ರಾದ್ರೆ ನಮ್ಮನೇಲಿ ಉಣ್ತಿದ್ರಿ ಬುಡಿ. ನೀವು ಅಲ್ಲೇ ಉಂಡು ಓಯ್ತೀರಲ್ಲ" ಅಂದವರು ಹೊರಡುವಾಗ ದನಿ ತಗ್ಗಿಸಿದರು. "ಈ ಬೆಳೆನೂ ಹೋದ್ರೆ ಗಿಡ ಕಿತ್ತಾಕ್ತೀನಿ ಸಾ. ಇನ್ನು ನನ್ ಕೈಲಾಗಕ್ಕಿಲ್ಲ."

ಎರಡು ದಿನ ಊಟ ರುಚಿಸಲಿಲ್ಲ. ಮೂರನೇ ದಿನ, ಸರಿಯಾಗಿ ಎಂಟು ದಿನ ಉಳಿದಿರುವಾಗ, ಮಾಲೀಕರಿಗೆ ಕಾಗದ ಹಾಕಿದೆ: ದೂರುದಾರರ ಅಂಗಳದಲ್ಲಿ ಯಂತ್ರವಿಟ್ಟು ಏಳು ದಿನ ಧೂಳು ಅಳೆಯಲಾಗುವುದು.

ಏಳು ದಿನವೂ ಕ್ರಷರ್ ಉಸಿರೆತ್ತಲಿಲ್ಲ. ಅಂಗಳದಲ್ಲಿ ಧೂಳು ಅಳೆಯುವ ನಮ್ಮ ಪೆಟ್ಟಿಗೆ ಗಾಳಿ ಎಳೆದುಕೊಳ್ಳುತ್ತಿತ್ತು, ಒಳಗೆ ಹುಳಗಳು ಮದುವೆಮನೆಯ ಮೊದಲ ಪಂಕ್ತಿಯ ಹಾಗೆ ತಲೆ ಎತ್ತದೆ ಮೇಯುತ್ತಿದ್ದವು. ಊಟ ಅವರ ಮನೆಯಲ್ಲೇ, ಮುದ್ದೆ, ಉಪ್ಸಾರು. ಕೊನೆಯ ದಿನ ಹಣ್ಣಾದ ಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವಾಗ ನನಗೂ ಒಂದು ಹಿಡಿ ಕೊಟ್ಟರು. ಇಡೀ ನೌಕರಿಯಲ್ಲಿ ಅಷ್ಟು ಖುಷಿಪಟ್ಟದ್ದು ಅವತ್ತೇ. ಅಳತೆಯ ಹಾಳೆಗೆ ಅವರಿಂದ ಸಾಕ್ಷಿ ರುಜು ಹಾಕಿಸಿಕೊಂಡು ಬಂದೆ.

ಧೂಳು ಹಿಡಿಯಲು ಪೆಟ್ಟಿಗೆಯೊಳಗೆ ದಿನಕ್ಕೊಂದು ಹಾಕಿದ್ದ ಏಳು ಸೋಸುಕಾಗದಗಳನ್ನು ಕಚೇರಿಯಲ್ಲಿ ಬಿಡಿಸಿ ನೋಡಿದೆ. ಏಳೂ ಬೆಳ್ಳಗಿದ್ದವು. ಷರಾದಲ್ಲಿ 'ಕ್ರಷರ್ ನಿಂತಿತ್ತು' ಎಂದು ಬರೆದೆ. ಮೇಲಧಿಕಾರಿ ಓದಿ, "ನಿಂತ ಕ್ರಷರ್ ಮುಂದೆ ಏಳು ದಿನ ಏನ್ರೀ ಮಾಡ್ತಿದ್ರಿ?" ಅಂದರು. ನಿಜ ಹೇಳಿದರೆ ಮೆಮೊ ಗ್ಯಾರಂಟಿ. ಹೆದರಿದೆ. ಆ ಸಾಲು ಹೊಡೆದು ಹಾಕಿದೆ. ದೂರುದಾರರ ಅಂಗಳದಲ್ಲೇ ಏಳು ದಿನ ಅಳೆದರೂ ಧೂಳು ಮಿತಿಯೊಳಗಿದೆ ಎಂದು ದೂರು ಮುಕ್ತಾಯವಾಯಿತು. ಅಳತೆಯ ಹಾಳೆಯ ಕೆಳಗೆ ನನ್ನ ರುಜು, ಅದರ ಕೆಳಗೆ ಆ ಹೆಂಗಸಿನದೇ ಸಾಕ್ಷಿ ರುಜು.

ಆ ಆದೇಶದ ಪ್ರತಿಯನ್ನು ಅಂಚೆಗೆ ಹಾಕಲು ಮನಸ್ಸಾಗದೆ ನಾನೇ ಹೊರಟೆ. ಯಾರಿಗೂ ಕಾಗದ ಹಾಕಿರಲಿಲ್ಲ. ದೂರದಿಂದಲೇ ಕ್ರಷರ್ ಸದ್ದು ಕೇಳಿಸಿತು. ಹಿಪ್ಪುನೇರಳೆ ಸೊಪ್ಪು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಆರು ವರ್ಷದಲ್ಲಿ ಮೊದಲ ಸಲ ನನ್ನ ಬಾಯೊಳಗೆ ಧೂಳು ಕರಕರ ಎಂದಿತು.

ಅವರು ಹೊಲದಲ್ಲೇ ನಿಂತು ಪ್ರತಿಯನ್ನು ಪೂರ್ತಿ ಓದಿದರು.

"ತಪ್ಪಾಯ್ತಮ್ಮ" ಅಂದೆ.

"ಹುಳ ಉಳೀತಲ್ಲ ಸಾ, ನಾನೇ ಕೇಳಿದ್ದು. ಮುಂದಿನ್ ಬೆಳೆ ಮಾತ್ರ ಉಳಿಯಕ್ಕಿಲ್ಲ" ಅಂದರು. ಆಮೇಲೆ ನನ್ನ ಹಿಂದೆ ನಿಂತಿದ್ದ ಜೀಪಿನತ್ತ ಕಣ್ಣು ಹಾಯಿಸಿದರು.

"ಇವತ್ತು ಕಾಗ್ದ ಹಾಕ್ದೆ ಬಂದಿದ್ದೀರಿ. ಆ ಪೆಟ್ಗೆ ತಂದಿದ್ದೀರಾ?"

ತಂದಿರಲಿಲ್ಲ. ಅವರು ಗುದ್ದಲಿ ಎತ್ತಿಕೊಂಡು ಹಿಪ್ಪುನೇರಳೆಯ ಮೊದಲ ಗಿಡದ ಬುಡಕ್ಕೆ ಹಾಕಿ ಬೇರುಸಮೇತ ಎಬ್ಬಿಸಿದರು.