ರೀಲಕ್ಕನ ಕಿವಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಹೆಂಗಸೊಬ್ಬರು ಗಾಳದ ದಾರ ಸುತ್ತುವ ರೀಲೊಂದನ್ನು ಕಿವಿಗೆ ಹಿಡಿದು ಕೂತಿದ್ದಾರೆ. ಹಿಡಿಕೆಯನ್ನು ಮೆಲ್ಲಗೆ ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಒಳಗೆಲ್ಲೋ ಮರಳಿನ ಕಾಳೊಂದು ಕಿರುಗುಟ್ಟುತ್ತದೆ. "ಸಿಕ್ಕಿಬಿದ್ಯಾ ಕಳ್ಳ!" ಎನ್ನುತ್ತ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ.

ದಡದಲ್ಲಿ ಗಾಳ ಹಾಕುವವರಿಗೆಲ್ಲ ಅವರು ರೀಲಕ್ಕ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅಪ್ಪನಿಂದ ಬಂದದ್ದು ಈ ಕಸುಬು. "ಮೊದಲು ಕೇಳು, ಆಮೇಲೆ ಬಿಚ್ಚು ಅಂತಿದ್ರು ಅಪ್ಪ. ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ," ಎಂದು ನಗುತ್ತಾರೆ. ಪಕ್ಕದಲ್ಲಿ ಚಹಾ ಹೀರುತ್ತಿದ್ದ ಗಂಡ ಸುಮ್ಮನಿರುವುದಿಲ್ಲ: "ಇವಳಿಗೆ ನನ್ನ ಮಾತು ಒಂದೂ ಕೇಳ್ಸಲ್ಲ. ರೀಲು ಕೆಮ್ಮಿದ್ರೆ ಮಾತ್ರ ಓಡ್ತಾಳೆ."

ಕೆಲವು ದಿನ ಕೈತುಂಬ ಕೆಲಸ, ಕೆಲವು ದಿನ ನೊಣ ಹೊಡೆಯುವುದೇ ಕೆಲಸ. ಹೊಸ ರೀಲು ಅಗ್ಗಕ್ಕೆ ಸಿಗುವಾಗ ಹಳೆಯದನ್ನು ಹೊತ್ತು ತರುವವರು ಕಡಿಮೆ. ಹಳೆಯದಕ್ಕೆ ಬಿಡಿಭಾಗವೂ ಸಿಗುವುದಿಲ್ಲ. ಹಿತ್ತಾಳೆ ಚೂರು ಉಜ್ಜಿ ತಾವೇ ಮಾಡಿಕೊಳ್ಳಬೇಕು. ಸೀಮೆಎಣ್ಣೆಯಲ್ಲಿ ನೆಂದು ನೆಂದು ಬೆರಳ ತುದಿಗಳು ಬಿರಿದಿವೆ.

ಅದರ ಬಗ್ಗೆ ಅವರು ದೂರುವುದಿಲ್ಲ. ಕಿಟಕಿಯಾಚೆಯ ನೀರಿನ ಕಡೆ ನೋಡುವಾಗ ಮಾತ್ರ ದನಿ ಇಳಿಯುತ್ತದೆ. ಚಿಕ್ಕಂದಿನಿಂದ ಕೆಳಗಿನ ಬಂಡೆಗಳ ಮೇಲೆ ಕೂತು ಗಾಳ ಹಾಕುತ್ತಿದ್ದವರು ಒಮ್ಮೆ ಪಾಚಿಯಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮೂಳೆ ಕೂಡಿತು, ಕಾಲು ಮೊದಲಿನಂತಾಗಲಿಲ್ಲ. "ನೀರು ಕಾಣುತ್ತೆ. ಹೋಗೋಕೆ ಆಗಲ್ಲ. ಕಾಣದೇ ಇದ್ದಿದ್ರೆ ಚೆನ್ನಾಗಿತ್ತೇನೋ," ಎನ್ನುತ್ತಾರೆ.

ಕಳೆದ ತಿಂಗಳು ದೋಣಿ ನಡೆಸುತ್ತಿದ್ದ ಅಜ್ಜ ಒಬ್ಬರು ಟವೆಲಿನಲ್ಲಿ ಸುತ್ತಿದ ಹಳೆಯ ರೀಲು ತಂದರು. ತೀರಿಕೊಂಡ ಹೆಂಡತಿಯದು. ಗಾಳ ಹಾಕುತ್ತಿದ್ದದ್ದು ಆಕೆ. ಅಜ್ಜ ಹುಟ್ಟು ಬದಿಗಿಟ್ಟು ದೋಣಿಯಲ್ಲೇ ತೂಕಡಿಸುತ್ತಿದ್ದರು. ಮೀನು ಕಚ್ಚಿ ರೀಲು ಕಟಕಟ ಅಂದಾಗಲೇ ಎಚ್ಚರ.

"ಮೀನು ಹಿಡಿಯೋಕಲ್ಲಮ್ಮ. ಆ ಸದ್ದು ಒಂದ್ಸಲ ಕೇಳ್ಬೇಕು," ಎಂದರು ಅಜ್ಜ.

ರೀಲು ಅಲುಗುತ್ತಲೇ ಇರಲಿಲ್ಲ. ಗ್ರೀಸು ಒಣಗಿ ಅಂಟಾಗಿತ್ತು. ರೀಲಕ್ಕ ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರು. ಚಕ್ರ ತಿರುಗಿತು, ಸದ್ದು ಬರಲಿಲ್ಲ. ಹಲ್ಲುಚಕ್ರಕ್ಕೆ ಬಡಿದು ಸದ್ದು ಮಾಡುವ ಪುಟ್ಟ ನಾಲಿಗೆ ಒಂದು ಬದಿ ಸವೆದಿತ್ತು; ಅದನ್ನು ಒತ್ತುವ ಸ್ಪ್ರಿಂಗ್ ತುಂಡಾಗಿತ್ತು. ಎರಡನ್ನೂ ಹೊಸದಾಗಿ ಮಾಡಿ ಕೂರಿಸಿದರು. ಕಟಕಟ ಸದ್ದು ಗಂಟೆಯಷ್ಟು ಸ್ಪಷ್ಟ.

ಅಜ್ಜ ಕೇಳಿದರು. ಇನ್ನೊಮ್ಮೆ ಕೇಳಿದರು. "ಚೆನ್ನಾಗಿದೆಯಮ್ಮ," ಎಂದು ಟವೆಲು ಸುತ್ತತೊಡಗಿದರು.

"ಆ ಸದ್ದು ಇದಲ್ಲ, ಅಲ್ವಾ ಅಜ್ಜ?"

"ಅವಳ ರೀಲಿಗೆ ಸ್ವಲ್ಪ ಗಂಟಲು ಕಟ್ಟಿತ್ತು."

ರೀಲಕ್ಕ ರೀಲನ್ನು ಕಿತ್ತುಕೊಂಡಂತೆ ವಾಪಸು ತೆಗೆದುಕೊಂಡರು. ಕಸದ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಎಸೆದಿದ್ದ ಸವೆದ ನಾಲಿಗೆಯನ್ನು ಹುಡುಕಿ ತೆಗೆದರು. ಹೊಸ ಸ್ಪ್ರಿಂಗಿಗೆ ಹಳೆಯ ನಾಲಿಗೆ. ಹಿಡಿಕೆ ತಿರುಗಿಸಿದಾಗ ಬಂದದ್ದು ಒಡಕು ದನಿ, ನಡುನಡುವೆ ಒಂದೊಂದು ಏಟು ತಪ್ಪುವಂಥದ್ದು.

ಅಜ್ಜ ಕಣ್ಣು ಮುಚ್ಚಿದರು. "ಸ್ವಲ್ಪ ನಿಧಾನ ತಿರುಗ್ಸಮ್ಮ. ಅವಳು ಅವಸರ ಮಾಡ್ತಿರ್ಲಿಲ್ಲ."

ಹೊರಡುವಾಗ ರೀಲಕ್ಕ ಎಚ್ಚರಿಸಿದರು: "ಸವೆದ ನಾಲಿಗೆ ಅಜ್ಜ. ತಿರುಗಿಸಿದಷ್ಟೂ ಇನ್ನೂ ಸವೆಯುತ್ತೆ."

"ಹಾಗಾದ್ರೆ ಭಾನುವಾರ ಮಾತ್ರ ಕೇಳ್ತೀನಿ," ಎಂದರಂತೆ ಅಜ್ಜ.

ಈ ಮಾತು ಹೇಳುವಾಗ ರೀಲಕ್ಕನ ಕೈ ಒಂದು ಕ್ಷಣ ನಿಲ್ಲುತ್ತದೆ. ಇಷ್ಟು ವರ್ಷ ಕೆಟ್ಟದ್ದನ್ನು ಸರಿಮಾಡಿದವರು, ಸರಿಯಾದದ್ದನ್ನು ಮತ್ತೆ ಕೆಡಿಸಿಕೊಟ್ಟದ್ದು ಅದೊಂದೇ ಸಲ. "ಅಪ್ಪ ಇದ್ದಿದ್ರೆ ಬೈತಿದ್ರೋ, ಬೆನ್ನು ತಟ್ತಿದ್ರೋ," ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ, ಮರಳು ತೆಗೆದ ರೀಲನ್ನು ಒರೆಸುತ್ತಾ ಕೂರುತ್ತಾರೆ.

"ಯಾರಾದ್ರೂ ನನ್ನ ಹೊತ್ಕೊಂಡು ಹೋಗಿ ಆ ಬಂಡೆ ಮೇಲೆ ಕೂರಿಸ್ಬೇಕು. ಮೀನು ಬೇಡ. ಒಂದೇ ಒಂದ್ಸಲ ಅದು ದಾರ ಎಳೀಲಿ ಸಾಕು. ಆಮೇಲೆ ನಾನೇ ಅದನ್ನ ನೀರಿಗೆ ಬಿಟ್ಬಿಡ್ತೀನಿ."