ಬಗ್ಗಿದರೆ ಬರುವ ಹುಳಿ ನೀರು

ಸಂತೋಷದ ಸಂಗತಿ ಬರೆಯಬೇಕೆಂದು ಕುಳಿತರೆ ಮೊದಲು ಸಿಟ್ಟೇ ಬರುತ್ತದೆ. ಏನು ಮಾಡಲಿ? ನಾನು ಕಲಿತದ್ದು ಮೂರನೇ ಇಯತ್ತೆ, ಮುಂದೆ ಕುರಿಗಳ ಹಿಂದೆ ಹೋದೆ. ಆದರೆ ಎರಡನೇ ಮೊಮ್ಮಗು ಬಂದ ಮೇಲೆ ಮನಸ್ಸು ಎಷ್ಟು ತುಂಬಿ ಚೆಲ್ಲುತ್ತಿದೆ ಎಂದರೆ, ಓಣಿಯವರಿಗೆಲ್ಲ ಹೇಳಿ ಸಾಲದೆ ಈಗ ಪೆನ್ನು ಹಿಡಿದಿದ್ದೇನೆ. ಕಹಿಯನ್ನು ಮೊದಲು ಉಗುಳಿಬಿಡುತ್ತೇನೆ.

ನಮ್ಮದು ಮಸಗುಪ್ಪಿ. ಇರುವ ಒಬ್ಬಳೇ ಮಗಳನ್ನು ಹುಕ್ಕೇರಿ ತಾಲೂಕಿನ ಘೋಡಗೇರಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ಅವಳು ನಮ್ಮಲ್ಲಿಗೇ ಬಂದಳು, ಗಂಡು ಕೂಸು ಹುಟ್ಟಿತು. ಕಂಡವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಸಕ್ಕರೆ ಕಾಯಿಲೆಯವರನ್ನೂ ಬಿಡಲಿಲ್ಲ.

ನಮ್ಮಲ್ಲಿ ಕೂಸಿಗೆ ನೀರು ಎರೆಯುವುದು ಅಜ್ಜಿಯ ಕೆಲಸ. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ಮುಂದೆ ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ, ತಿಕ್ಕಿ, ಬಿಸಿನೀರು ಎರೆಯಬೇಕು. ಅದಕ್ಕೆ ಪೂರ್ತಿ ಬಗ್ಗಬೇಕು. ನಾನು ಬಗ್ಗಿದರೆ ಹೊಟ್ಟೆಯೊಳಗಿನ ಹುಳಿ ನೀರು ಗಂಟಲಿಗೆ ಏರುತ್ತಿತ್ತು. ಎಷ್ಟೋ ವರ್ಷಗಳಿಂದ ಹಾಗೇ. ಕಳೆ ತೆಗೆಯುವಾಗ ಬರುತ್ತಿತ್ತು, ಕುರಿಹಟ್ಟಿ ಗುಡಿಸುವಾಗ ಬರುತ್ತಿತ್ತು. ಅಡ್ಡಾದರೆ ಬರುತ್ತದೆಂದು ಕಂಬಳಿಯ ಸುರುಳಿಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದೆ. ಎದೆ ಉರಿ ಎಂದರೆ ಜನ ಅದನ್ನೊಂದು ಕಾಯಿಲೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖಾರ ಬಿಡು ಎಂದರು, ಬಿಟ್ಟೆ. ಚಹಾ ಬಿಟ್ಟೆ, ಎಲೆ ಅಡಿಕೆಯನ್ನೂ ಬಿಟ್ಟೆ. ಉರಿ ನನ್ನನ್ನು ಬಿಡಲಿಲ್ಲ.

ಒಂದು ದಿನ ಮಗಳ ಅತ್ತೆ ಕೂಸನ್ನು ನೋಡಲು ಬಂದಿದ್ದರು. ಅವರ ಎದುರಿಗೇ ಎರೆಯಲು ಕುಳಿತೆ. ತಂಬಿಗೆ ಎತ್ತಿ ಬಗ್ಗಿದೆನೋ ಇಲ್ಲವೋ, ಗಂಟಲು ಸುಟ್ಟು ಕೆಮ್ಮು ಹತ್ತಿತು. ತಂಬಿಗೆ ವಾಲಿ ನೀರು ಕೂಸಿನ ಮೂಗಿಗೆ ಹೋಯಿತು. ಅದು ಕೆಂಪಾಗಿ ಚೀರಿತು. ಬೀಗತಿ ಓಡಿ ಬಂದು ಎತ್ತಿಕೊಂಡರು.

“ಬಿಡ್ರಿ ಬೀಗತಿ, ಇದು ನಿಮ್ಮ ಕೈಲೆ ಆಗೂದಲ್ಲ. ಕೂಸಿನ ಜೀಂವದ ಕೂಡ ಆಟ ಬ್ಯಾಡ.”

“ಗಂಟಲಕ ಹುಳಿ ನೀರ ಬಂತ್ರಿ, ಅದಕ್ಕ.”

“ಹುಳಿ ಯಾರಿಗಿ ಬರೂದಿಲ್ರಿ? ನನಗೂ ಬರತೈತಿ. ಹಂಗಂತ ನಾ ಏನ ಕೂಸಿನ ಮೂಗಿನಾಗ ನೀರ ಹೊಯ್ತೇನೇನು?”

ಮಗಳು ಕೂಸನ್ನು ಅತ್ತೆಯ ಕೈಯಿಂದ ಇಸಿದುಕೊಂಡು ಒಳಗೆ ಹೋದಳು. ಮರುದಿನದಿಂದ ಓಣಿಯ ಒಬ್ಬ ಹೆಂಗಸು ಬಂದು ಎರೆಯತೊಡಗಿದಳು. ನನ್ನ ಮನೆಯ ಬಚ್ಚಲಲ್ಲಿ ನನ್ನ ಮೊಮ್ಮಗನಿಗೆ ಬೇರೆಯವಳು ನೀರು ಎರೆದಳು. ನಾನು ಒಲೆಗೆ ಕಟ್ಟಿಗೆ ಹಾಕುತ್ತ ಕುಳಿತೆ. ಬಾಣಂತನ ಮುಗಿದು ಮಗಳನ್ನು ಕರೆದೊಯ್ಯುವಾಗ ಬೀಗತಿ ಬಾಗಿಲಲ್ಲಿ ನಿಂತು ಹೇಳಿದರು: “ಮುಂದಿನ ಬಾಣಂತನ ನಮ್ಮ ಕಡೇನ ಆಗಲಿ. ಇಲ್ಲಿ ಎರಿಯಾವರ ಯಾರ ಅದಾರ?”

ಆ ಮಾತು ಎದೆಯಲ್ಲಿ ಹುಳಿಗಿಂತ ಜೋರಾಗಿ ಉರಿಯಿತು. ಮುಂದಿನ ಕೂಸಿಗೆ ನಾನೇ ಎರೆಯಬೇಕು, ಬೇರೆ ಏನೂ ಬೇಡ ಎಂದು ಗಟ್ಟಿ ಮಾಡಿಕೊಂಡೆ. ಮೂಡಲಗಿಯ ಡಾಕ್ಟರು ಕೊಟ್ಟ ಗುಳಿಗೆಯಿಂದ ಉರಿ ತಗ್ಗುತ್ತಿತ್ತು, ಬಗ್ಗಿದರೆ ನೀರು ಬರುವುದು ಮಾತ್ರ ನಿಲ್ಲುತ್ತಿರಲಿಲ್ಲ. ಇದಕ್ಕೊಂದು ಆಪರೇಷನ್ ಇದೆ, ಗೋಕಾಕಿನಲ್ಲಿ ಸರ್ಜನ್ ಒಬ್ಬರನ್ನು ಕೇಳಿ ನೋಡಿ ಎಂದು ಅವರೇ ಹೇಳಿದರು.

ನಮ್ಮ ಮನೆಯವರು ನಕ್ಕರು. “ಎದಿ ಉರಿಗಿ ಯಾರರ ಹೊಟ್ಟಿ ಕೊಯ್ಸಕೊಂತಾರೇನ? ಮಂದಿ ನಗತಾರ.”

“ನಗಲಿ. ಮಂದಿ ಬಂದ ನನ್ನ ಮೊಮ್ಮಗಗ ಎರೀತಾರೇನು?”

“ಎರದಳಲ್ಲ ಮತ್ತ, ಓಣ್ಯಾಕಿ!”

ಅಂದು ಅವರಿಗೆ ರೊಟ್ಟಿಯ ಜೊತೆ ಪಲ್ಯ ಹಾಕಲಿಲ್ಲ.

ಗೋಕಾಕಿಗೆ ಹೊರಟ ದಿನ ನಡೆದದ್ದನ್ನು ಸರಿಯಾಗಿ ಹೇಳಬೇಕು. ಕುರಿ ಸಾಕುವ ನಮ್ಮ ಮನೆಗಳಲ್ಲಿ ದೇವರ ಅರಿಶಿನ ಪುಡಿಗೆ ಭಂಡಾರ ಎನ್ನುತ್ತೇವೆ. ದೊಡ್ಡ ಕೆಲಸಕ್ಕೆ ಹೊರಟವರ ಹಣೆಗೆ ಅದನ್ನು ಹಚ್ಚುತ್ತೇವೆ, ಬಾಯಿಗೂ ಹಾಕುತ್ತೇವೆ. ಕೆಲಸ ಬಲು ದೊಡ್ಡದೆಂದು ಪೂಜಾರಿ ಅಂದು ಹಿಡಿ ತುಂಬ ಹಾಕಿ, ಮೇಲೆ ನೀರು ಕುಡಿಸಿದ. ಆಸ್ಪತ್ರೆಯಲ್ಲಿ ಬಾಯಿಯಿಂದ ಕ್ಯಾಮೆರಾದ ನಳಿಗೆ ಇಳಿಸುವ ಮೊದಲು ಸರ್ಜನ್ ಕೇಳಿದರು, ರಾತ್ರಿಯಿಂದ ಏನಾದರೂ ತಿಂದಿದ್ದೀರಾ ಎಂದು. ಇಲ್ಲ ಎಂದೆ. ನನಗದು ಖರೆಯೇ ಆಗಿತ್ತು. ದೇವರ ಭಂಡಾರವನ್ನು ಊಟದ ಲೆಕ್ಕಕ್ಕೆ ಯಾರು ಹಿಡಿಯುತ್ತಾರೆ?

“ಒಳಗ ಎಲ್ಲಾ ಹಳದಿ ಐತಿ,” ಎಂದರು ಅವರು. “ನಿಮಗ ಪಿತ್ತ ಮ್ಯಾಲ ಬರಾಕತ್ತೈತಿ. ಆ ಆಪರೇಷನ್ ಇದಕ್ಕ ಉಪಯೋಗಿಲ್ಲ.”

“ಸಾಹೇಬ್ರ, ಬಗ್ಗಿದಾಗ ಬರೂದು ಹುಳೀನ ಐತ್ರಿ, ಕಹಿ ಅಲ್ಲ.”

“ಡಾಕ್ಟರ್ ನೀವೋ, ನಾನೋ?”

ಒಂದು ಔಷಧಿ ಬರೆದುಕೊಟ್ಟು ಮುಂದಿನವರನ್ನು ಕರೆದರು. ನನ್ನ ಹಣೆಯೂ ಅಷ್ಟೇ ಹಳದಿಯಾಗಿತ್ತು. ಒಮ್ಮೆ ಮುಖ ನೋಡಿದ್ದರೆ ಹೊಟ್ಟೆಯ ಹಳದಿ ಎಲ್ಲಿಂದ ಬಂತೆಂದು ತಿಳಿಯುತ್ತಿತ್ತು. ಅವರು ಪರದೆಯನ್ನಷ್ಟೇ ನೋಡಿದರು.

ವರ್ಷಕ್ಕಿಂತ ಹೆಚ್ಚು ಕಾಲ ಆ ಔಷಧಿ ಕುಡಿದೆ. ಕುಡಿದದ್ದೂ ಬಂತು, ಹುಳಿಯೂ ಬಂತು. ಅಷ್ಟರಲ್ಲಿ ಮಗಳು ಮತ್ತೆ ಬಸುರಿ. ಫೋನಿನಲ್ಲಿ ಆ ಸುದ್ದಿ ಕೇಳಿ ಕುಣಿಯಬೇಕು ಅನ್ನುವಷ್ಟರಲ್ಲಿ ಅವಳು ದನಿ ತಗ್ಗಿಸಿದಳು.

“ಅವ್ವಾ, ಅತ್ತಿ ಈ ಸಲ ಇಲ್ಲೇ ಇರು ಅನ್ನಾಕತ್ತಾರ. ನಿನ್ನ ಹೊಟ್ಟಿ ಹೆಂಗೈತಿ?”

“ನನ್ನ ಹೊಟ್ಟಿ ಕೇಳಾಕ ಫೋನ್ ಮಾಡಿಯೋ, ನೀ ಬರೂದಿಲ್ಲ ಅಂತ ಹೇಳಾಕೋ?”

“ಎರಡಕ್ಕೂ,” ಎಂದಳು.

ಮೇಲವಂಕಿಯಲ್ಲಿರುವ ನನ್ನ ತಂಗಿ ಇನ್ನೊಬ್ಬ ಸರ್ಜನ್ ಸುದ್ದಿ ತಂದಳು. ಅವರು ವಾರಕ್ಕೊಮ್ಮೆ ಹುಕ್ಕೇರಿಯ ಒಂದು ದವಾಖಾನೆಗೆ ಬರುತ್ತಿದ್ದರು. ಅಲ್ಲಿಗೆ ಹೋಗಿ, ಗೋಕಾಕಿನ ಕಾಗದಗಳನ್ನು ಒಳಗೆ ಕೊಟ್ಟು, ಹೊರಗಿನ ಬಾಕಿನ ಮೇಲೆ ಕುಳಿತೆವು. ನಮ್ಮ ಮನೆಯವರು ಕಿಸೆಯಿಂದ ಭಂಡಾರದ ಪೊಟ್ಟಣ ತೆಗೆದು ನನ್ನ ಬಾಯಿಗೆ ಹಾಕಿ ನೀರು ಕೊಟ್ಟರು. ಸರಿಯಾಗಿ ಅದೇ ಹೊತ್ತಿಗೆ ಸರ್ಜನ್ ಬಾಗಿಲು ತೆರೆದು ಹೊರಬಂದರು.

“ಯವ್ವಾರ, ತುಟಿಗಿ ಏನ್ರಿ ಅದು ಹಳದಿ?”

“ಭಂಡಾರ್ರಿ. ದೇವ್ರದು.”

“ಹೊಟ್ಟ್ಯಾಗೂ ಹೋತೇನು?”

“ಹೋಗ್ದ ಏನ್ರಿ, ಬಾಯಿಗಿ ಹಾಕೂದು ಅದಕ್ಕಲ್ಲೇನು?”

“ಗೋಕಾಕದಾಗ ನೋಡಿಸಿದಾಗನೂ ಹಾಕ್ಕೊಂಡಿದ್ರಾ?”

“ಆವಾಗ ಇನ್ನೂ ಭಾಳ ಹಾಕಿದ್ವಿರಿ,” ಎಂದರು ನಮ್ಮ ಮನೆಯವರು, ದೊಡ್ಡ ಸಾಧನೆ ಮಾಡಿದವರಂತೆ.

ಸರ್ಜನ್ ಗೋಡೆ ಹಿಡಿದು ನಕ್ಕರು. ಬಾಕಿನ ಮೇಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ವರ್ಷವಿಡೀ ಕುಡಿದ ಔಷಧಿ ಗಂಟಲಿಗೆ ಬಂದಂತಾಗಿತ್ತು. ನನ್ನ ಮುಖ ನೋಡಿ ಅವರೂ ನಗು ನಿಲ್ಲಿಸಿ ಪಕ್ಕದಲ್ಲಿ ಕುಳಿತರು. “ತಪ್ಪ ತಿಳೀಬ್ಯಾಡ್ರಿ. ಬರೋ ವಾರ ಹಣಿಗಿ ಅಷ್ಟ ಹಚ್ಕೊಂಡ ಬರ್ರಿ. ದೇವರು ಹೊರಗ ನಿಂತೂ ಕಾಯ್ತಾನ.”

ಮುಂದಿನ ವಾರ ನಳಿಗೆ ಇಳಿಸಿದಾಗ ಒಳಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಹೊಟ್ಟೆಯ ಮೇಲಿನ ತುದಿ ಎದೆಯ ಕಡೆಗೆ ಜಾರಿತ್ತು, ಹುಳಿ ತಡೆಯುವ ಬಾಗಿಲು ಸಡಿಲಾಗಿತ್ತು. ಬೆಳಗಾವಿಗೆ ಕಳಿಸಿ, ಮೂಗಿನಲ್ಲಿ ಸಣ್ಣ ನಳಿಗೆ ಇಟ್ಟು ಹುಳಿ ಎಷ್ಟು ಏರುತ್ತದೆಂದೂ ನೋಡಿಸಿದರು. ಆಮೇಲೆ ಆಪರೇಷನ್ ಬಗ್ಗೆ ಬಿಡಿಸಿ ಹೇಳಿದರು. ಸಣ್ಣ ತೂತುಗಳಿಂದ ಕೆಲಸ. ಜಾರಿದ ಹೊಟ್ಟೆಯನ್ನು ಕೆಳಗೆ ಎಳೆದು, ಅದರದೇ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಸುತ್ತಿ ಹೊಲಿಯುವುದು. ಚಳಿಯಲ್ಲಿ ನಾವು ಕುತ್ತಿಗೆಗೆ ಕಂಬಳಿ ಸುತ್ತಿಕೊಳ್ಳುತ್ತೇವಲ್ಲ, ಹಾಗೆ ಎಂದು ನಾನು ತಿಳಿದುಕೊಂಡೆ.

“ಇದನ್ನ ಮೊದ್ಲ ಮಾಡೀರೇನ್ರಿ ನೀವು?” ಎಂದು ಕೇಳಿದೆ. ಕೇಳುವಾಗ ಮತ್ತೆ ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ.

“ಮಾಡೇನ್ರಿ. ಆದ್ರ ಅಪೆಂಡಿಕ್ಸ್ ಮಾಡಿದಷ್ಟ ಮಂದಿಗಿ ಮಾಡಿಲ್ಲ.”

“ಮಾಡಿಸಿದ ಮ್ಯಾಲ ಏನರ ಕೆಡತೈತೇನು?”

“ಸ್ವಲ್ಪ ದಿನ ಗಂಜೀನ ಗತಿ. ಗಟ್ಟಿ ರೊಟ್ಟಿ ನುಂಗಿದ್ರ ಎದ್ಯಾಗ ನಿಂತಂಗ ಆಗತೈತಿ. ತೇಗ ಸರಳ ಬರೂದಿಲ್ಲ, ವಾಂತಿ ಮಾಡಾಕೂ ಆಗೂದಿಲ್ಲ. ಕೆಲವ್ರಿಗಿ ಮುಂದ ಯಾವಾಗರ ಮತ್ತ ಸಡ್ಲ ಆಗಬಹುದು.”

ನಮ್ಮ ಮನೆಯವರಿಗೆ ಗಾಬರಿಯಾಯಿತು. “ತೇಗ ಬರಲಿಲ್ಲಂದ್ರ ಹೊಟ್ಟಿ ತುಂಬೇತಂತ ಹೆಂಗ ತಿಳೀಬೇಕ್ರಿ?”

ಮೊದಲಿನವರು ಆಗುವುದಿಲ್ಲ ಎಂದದ್ದಕ್ಕೆ ಕಾರಣ ಬಿಡಿಸಿ ಹೇಳಿರಲಿಲ್ಲ. ಇವರು ಆಗುತ್ತದೆ ಎಂದು ಹೇಳಿಯೂ ಇಷ್ಟು ಹೆದರಿಸಿದರು. ಹೆದರಿಸಿದವರ ಕೈಗೇ ಹೊಟ್ಟೆ ಕೊಟ್ಟೆ.

ಗಂಜಿಯ ದಿನಗಳು ಮುಗಿದು, ಬಗ್ಗಲು ಅಡ್ಡಿಯಿಲ್ಲ ಎಂದು ಅವರು ಹೇಳಿದ ಮೇಲೆ ನೇರ ಘೋಡಗೇರಿಗೆ ಹೋದೆ. ಬೀಗತಿ ಊಟಕ್ಕೆ ಹಾಕಿದರು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ನಿಧಾನವಾಗಿ ಉಂಡೆ. ಕೈ ತೊಳೆದ ಮೇಲೂ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಒಂದ ತೇಗ ಸೈತ ಬರಲಿಲ್ಲಲ್ರಿ. ನಮ್ಮ ಅಡಗಿ ಹಿಡಸಲಿಲ್ಲೇನು?”

“ತೇಗಿಗಿ ಒಳಗ ಹೊಲಗಿ ಹಾಕ್ಯಾರ್ರಿ. ಇಲ್ಲಿ ನೋಡ್ರಿ,” ಎಂದು ನೆಲದ ಮೇಲೆ ಕಾಲು ಚಾಚಿ, ತುಂಬಿದ ಹೊಟ್ಟೆಯಲ್ಲೇ ಕಾಲಿಗೆ ಹಣೆ ತಾಗುವಷ್ಟು ಬಗ್ಗಿದೆ. ಬಗ್ಗಿಯೇ ಇದ್ದೆ. ಗಂಟಲಿಗೆ ಏನೂ ಬರಲಿಲ್ಲ. ಕಣ್ಣಿಗೆ ಮಾತ್ರ ನೀರು ಬಂತು, ಅದನ್ನು ಅವರಿಗೆ ತೋರಿಸಲಿಲ್ಲ.

“ಏಳ್ರಿ ಬೀಗತಿ, ಸಾಕು,” ಎಂದರು. ರೆಟ್ಟೆ ಹಿಡಿದು ಎಬ್ಬಿಸಿ, “ಮಗಳನ್ನ ಕರಕೊಂಡ ಹೋಗ್ರಿ,” ಎಂದರು.

ಹೆಣ್ಣು ಕೂಸು! ಏನು ಹೇಳಲಿ, ಬಂಗಾರದಂಥ ಕೂಸು. ದಿನಾ ಮುಂಜಾನೆ ಕಾಲ ಮೇಲೆ ಹಾಕಿಕೊಂಡು ಎರೆಯುತ್ತೇನೆ. ಬೆನ್ನು ತಿಕ್ಕಿದರೆ ಬೆಕ್ಕಿನ ಮರಿಯಂತೆ ಮೈ ಮುರಿಯುತ್ತದೆ. ನೀರು ಹಾಕಿದರೆ ಅಳುತ್ತದೆ, ನಿಲ್ಲಿಸಿದರೆ ಇನ್ನೂ ಜೋರಾಗಿ ಅಳುತ್ತದೆ. ಎರೆದು ಮುಗಿಯುವಷ್ಟರಲ್ಲಿ ನಾನೂ ಪೂರ್ತಿ ತೊಯ್ದಿರುತ್ತೇನೆ. ಅಷ್ಟು ಸುಖ.

ಮೊನ್ನೆ ಬೀಗತಿ ಬಂದಿದ್ದರು. ಬಚ್ಚಲ ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಇವತ್ತೊಂದಿನ ನಾ ಎರೀಲೇನ್ರಿ?”

“ಬ್ಯಾಡ್ರಿ.”

“ಅವ್ವಾ, ಒಂದಿನ ಎರೀಲಿ ಬಿಡ,” ಎಂದಳು ಒಳಗಿನಿಂದ ಮಗಳು.

ಮೊಮ್ಮಗನ ಬಾಣಂತನದಲ್ಲಿ ನಾನು ಒಲೆಯ ಮುಂದೆ ಕುಳಿತು ಕಳೆದ ಮುಂಜಾವುಗಳಲ್ಲಿ ಒಂದನ್ನಾದರೂ ಯಾರು ನನಗೆ ತಿರುಗಿ ಕೊಡುತ್ತಾರೆ? ಕೇಳಿಸದವಳಂತೆ ಬಗ್ಗಿ ಇನ್ನೊಂದು ತಂಬಿಗೆ ನೀರು ಎರೆದೆ. ಕೂಸು ಕೈಕಾಲು ಬಡಿಯಿತು. ಬೀಗತಿ ಇನ್ನೂ ನಿಂತೇ ಇದ್ದರು.