ಬಾಯಿ ಮುಚ್ಚಿಸಿದ ಸಾಲುಗಳು

ಬೆಳಗಿನ ಐದೂಕಾಲು. ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿ, ಹಿಂದೆ ಯಾರದೋ ಮನೆಯಾಗಿದ್ದು ಈಗ ಆಫೀಸಾಗಿರುವ ಕಟ್ಟಡದ ಗೇಟು ಕಿರ್ರೆನ್ನುತ್ತದೆ. "ಬಂದ್ರೇನ್ರಿ ಅಕ್ಕಾರ?" ಎನ್ನುತ್ತಾರೆ ರಾಯಚೂರು ಕಡೆಯ ಕಾವಲುಗಾರ ಅಮರಪ್ಪ. "ಹೂಂ ಅಮರಪ್ಪ, ಬಂದೆ" ಎನ್ನುತ್ತ ಮೋನಿಷಾ ಮೆಟ್ಟಿಲು ಹತ್ತುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಬಿಟ್ಟರೆ, ಇನ್ನು ಒಂಬತ್ತೂವರೆಯ ತನಕ ಅವರೊಡನೆ ಮಾತಾಡುವವರು ಯಾರೂ ಇಲ್ಲ. ಒಂಬತ್ತೂವರೆಯ ಮೇಲೂ ಅಷ್ಟಕ್ಕಷ್ಟೇ.

ಒಳಗೆ ಮೂವತ್ತಾರು ಕುರ್ಚಿ. ಕಿಟಕಿಯಿಲ್ಲದ ಮೂಲೆಯದು ಮೋನಿಷಾ ಅವರದು. ಕಂಪ್ಯೂಟರಿಗೆ ಕೆಲಸ ಹಚ್ಚಿ, ಡಬ್ಬಿ ಬಿಚ್ಚಿ, ಮನೆಯಿಂದ ತಂದ ಇಡ್ಲಿ ತಿನ್ನುತ್ತಾರೆ. ಈ ಕಂಪನಿ ಬೇರೆಯವರಿಗೆ ವೆಬ್‌ಸೈಟ್ ಕಟ್ಟಿಕೊಡುತ್ತದೆ. ಹುಡುಗರು ಬರೆದ ಕೋಡನ್ನೆಲ್ಲ, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳನ್ನೆಲ್ಲ, ಒಂದು ಸಾಫ್ಟ್‌ವೇರು ಸಾಲುಸಾಲಾಗಿ ಓದಿ, ಅನುಮಾನ ಬಂದ ಕಡೆಯೆಲ್ಲ ಒಂದು ಎಚ್ಚರಿಕೆ ಹಾಕುತ್ತದೆ. ಅದು ಓಡುವಾಗ ಉಳಿದವರ ಕಂಪ್ಯೂಟರುಗಳೆಲ್ಲ ಕುಂಟುತ್ತವಂತೆ. ಹಾಗಾಗಿ ಹಗಲು ಓಡಿಸುವಂತಿಲ್ಲ, ಧನುರ್ಮಾಸದ ಪೂಜೆಯ ಹಾಗೆ ವರ್ಷವಿಡೀ ಈ ಹೊತ್ತಿಗೇ ನಡೆಯಬೇಕು.

ಇವತ್ತಿನ ಫಲ: ಎರಡು ಲಕ್ಷದ ಹನ್ನೊಂದು ಸಾವಿರ ಸಾಲು ಓದಿ, ನಾನೂರ ಹದಿನೆಂಟು ಹೊಸ ಎಚ್ಚರಿಕೆ.

"ಇದ್ರಲ್ಲಿ ಮುನ್ನೂರೈವತ್ತು ಸುಮ್‌ಸುಮ್ನೆ ಸಾರ್. ಹಗ್ಗ ಕಂಡ್ರೂ ಹಾವು ಅನ್ನುತ್ತೆ ಅದು. ನಿಜವಾದ ಹಾವು ಯಾವ್ದು ಅಂತ ಒಂದೊಂದೇ ತೆಗೆದು ನಾನು ನೋಡ್ಬೇಕು" ಎನ್ನುತ್ತಾರೆ. ಕಂಪ್ಯೂಟರೆಂದರೆ ಟೈಪು ಮಾಡುವ ಪೆಟ್ಟಿಗೆ ಎಂದಷ್ಟೇ ತಿಳಿದ ನಾನು ವಿದ್ಯಾವಂತನಂತೆ ತಲೆಯಾಡಿಸುತ್ತೇನೆ. ಒಂಬತ್ತರ ಹೊತ್ತಿಗೆ ನಿಜವಾದ ತಪ್ಪುಗಳ ಪಟ್ಟಿ ಎಲ್ಲರ ಮೇಲ್‌ಗೂ ಹೋಗಬೇಕು. ಬೆಳಿಗ್ಗೆ ಬಂದು ಕೂತೊಡನೆ ತಮ್ಮ ತಪ್ಪು ಓದುವುದು ಯಾರಿಗೆ ತಾನೇ ಇಷ್ಟ?

ಮೋನಿಷಾಗೆ ಮೂವತ್ತೊಂದು ವರ್ಷ. ಮರ್ಫಿ ಟೌನಿನ ಒಂದೇ ಕೋಣೆಯ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ತಾಯಿ ಮಂಜುಳಮ್ಮ ರಸೆಲ್ ಮಾರುಕಟ್ಟೆಯಲ್ಲಿ ಹೂ ಕಟ್ಟುತ್ತಾರೆ. ನಾಲ್ಕೂವರೆಗೆ ಇಬ್ಬರೂ ಒಟ್ಟಿಗೆ ಬೀಗ ಹಾಕಿ ಹೊರಡುತ್ತಾರೆ. ತಿರುವಿನಲ್ಲಿ ತಾಯಿ ಶಿವಾಜಿನಗರದ ಬಸ್ಸಿಗೆ ನಿಲ್ಲುತ್ತಾರೆ, ಮಗಳು ನಡೆದು ಬರುತ್ತಾರೆ. "ನನ್ಗಾದ್ರೂ ಮಾರ್ಕೆಟ್ಟಲ್ಲಿ ನಾಕ್ ಜನ ಬೈಯೋಕಾದ್ರೂ ಇರ್ತಾರೆ. ಇವ್ಳಿಗೆ ಅಲ್ಲಿ ಯಾರವ್ರೆ? ಅಕ್ಕಿ ಆರ್ಸೋ ಕೆಲ್ಸ ಅಂತಾಳೆ. ಅಕ್ಕಿ ಆರ್ಸೋರೂ ಇಬ್ರು ಕೂತ್ಕೊಂಡು ಮಾತಾಡ್ಕೊಂಡು ಆರಿಸ್ತಾರಪ್ಪ" ಎಂದು ಮಂಜುಳಮ್ಮ ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಶಿವಾಜಿನಗರದ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ತೊಂಬತ್ತೆಂಟರಲ್ಲಿ ಕಂಪ್ಯೂಟರ್ ಕಲಿತ ಮೋನಿಷಾ, ಇಲ್ಲಿಗೆ ಡಾಟಾ ಎಂಟ್ರಿಗೆಂದು ಸೇರಿದವರು. 2003ರಲ್ಲಿ ಈ ತಪಾಸಣೆಯ ಸಾಫ್ಟ್‌ವೇರು ಬಂದಾಗ ಅದರ ವರದಿ ಓದಲು ಯಾರೂ ಮುಂದೆ ಬರಲಿಲ್ಲ. ಕೋಡು ಬರೆಯುವುದು ಗೌರವದ ಕೆಲಸ, ಬರೆದದ್ದರಲ್ಲಿ ಕಲ್ಲು ಹುಡುಕುವುದು ಯಾರಿಗೆ ಬೇಕು? ಅದು ಇವರ ಪಾಲಿಗೆ ಬಂತು. ಪ್ರತಿವರ್ಷ ನವೀಕರಿಸುವ ಒಪ್ಪಂದದ ಮೇಲೆ, ನಾಲ್ಕು ವರ್ಷ ಕಳೆದ ಇವತ್ತಿಗೂ ಅದೇ ಕೆಲಸ.

ಪ್ಯಾಂಟ್ರಿಯ ಪಕ್ಕ ಒಂದು ಬಿಳಿ ಬೋರ್ಡಿದೆ. ಸರಿಮಾಡದೆ ಉಳಿದ ಎಚ್ಚರಿಕೆಗಳ ಒಟ್ಟು ಸಂಖ್ಯೆಯನ್ನು ಪ್ರತಿ ಶುಕ್ರವಾರ ಅದರ ಮೇಲೆ ಬರೆಯುವುದು ಇಲ್ಲಿನ ಪದ್ಧತಿ. ಕಳೆದ ದೀಪಾವಳಿಯ ವಾರ ಅದು ಸಾವಿರದ ಒಂಬೈನೂರರಿಂದ ದಿಢೀರನೆ ಇನ್ನೂರ ನಲವತ್ತಕ್ಕೆ ಇಳಿಯಿತು. ತಂಡದ ಮುಖ್ಯಸ್ಥ ಮಧುಕರ್ ಖುಷಿಯಿಂದ ಮೈಸೂರ್‌ಪಾಕ್ ತಂದು ಹಂಚಿದರು. ಮೋನಿಷಾ ಮಾತ್ರ ತಮ್ಮ ಪಾಲನ್ನು ಡಬ್ಬಿಯಲ್ಲಿಟ್ಟು ಕೋಡು ತೆರೆದು ನೋಡಿದರು. ಕೋಡಿನ ಯಾವುದೇ ಸಾಲಿನ ಪಕ್ಕ ಒಂದು ಪುಟ್ಟ ಗುರುತು ಹಾಕಿದರೆ ಯಂತ್ರ ಆ ಸಾಲಿನ ಬಗ್ಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಒಬ್ಬ ಹಾಕಿದ್ದನ್ನು ನೋಡಿ ಇನ್ನೊಬ್ಬ ಹಾಕಿದ್ದ. ತಪ್ಪೆಲ್ಲ ಇದ್ದಲ್ಲೇ ಇತ್ತು, ಬೋರ್ಡು ಮಾತ್ರ ಶುದ್ಧವಾಗಿತ್ತು.

ಮರುದಿನ ಬೆಳಿಗ್ಗೆ ಅವರು ಗುರುತುಗಳನ್ನೆಲ್ಲ ಕಡೆಗಣಿಸುವಂತೆ ಯಂತ್ರಕ್ಕೆ ಹೇಳಿ ಮತ್ತೆ ಓಡಿಸಿದರು. ಬಂದ ಸಂಖ್ಯೆ ಸಾವಿರದ ಒಂಬೈನೂರ ಹನ್ನೊಂದು. ಬೋರ್ಡು ಒರೆಸಿ ಅದನ್ನೇ ಬರೆದರು.

"ಬೋರ್ಡ್ ಮೇಲೆ ಬರೀಬಾರ್ದಾಗಿತ್ತೇನೋ. ಮಧುಕರ್ ಸರ್‌ಗೆ ಒಬ್ರಿಗೇ ಹೇಳಿದ್ರೆ ಆಗ್ತಿತ್ತು. ಆಮೇಲೆ ನಾನು ಊಟಕ್ಕೆ ಕೂತ್ರೆ ಟೇಬಲ್ಲಿಂದ ಎದ್ದು ಹೋಗೋರು. ಈಗ ಎಲ್ರೂ ಮುಗಿಸಿದ್ಮೇಲೆ ನಾನು ಹೋಗ್ತೀನಿ" ಎನ್ನುವಾಗ ದೂರಿನ ದನಿಯಿರಲಿಲ್ಲ. 

ಆಗಿನಿಂದ ಅವರು ಬಾಯಿ ಮುಚ್ಚಿಸಿದ ಸಾಲುಗಳನ್ನು ದಿನಕ್ಕೆ ಹದಿನೈದಿಪ್ಪತ್ತರಂತೆ ತೆಗೆದು ನೋಡುತ್ತಿದ್ದಾರೆ. ಗುರುತು ಹಾಕಿದವರ ಹೆಸರು, ತಾರೀಖು ಪಕ್ಕದಲ್ಲೇ ಇರುತ್ತದೆ. ಕಳೆದ ತಿಂಗಳು ಒಂದು ಗುರುವಾರ, ಆಸ್ಪತ್ರೆಯೊಂದರ ಸೈಟಿನ ಕೋಡಿನಲ್ಲಿ ಒಂದು ಗುರುತು ಸಿಕ್ಕಿತು. 2005ರದು. ಪಕ್ಕದಲ್ಲಿದ್ದ ಹೆಸರು ಮೋನಿಷಾ.

ಆಗ ಆ ಪುಟವನ್ನು ಆಸ್ಪತ್ರೆಯ ಒಳಗಿನ ಸಿಬ್ಬಂದಿ ಮಾತ್ರ ಬಳಸುತ್ತಿದ್ದರು. ಅಪಾಯವಿಲ್ಲವೆಂದು ಇವರೇ ಯಂತ್ರದ ಬಾಯಿ ಮುಚ್ಚಿಸಿದ್ದರು. ಈಗ ಅದೇ ಪುಟ ಸೋಮವಾರದಿಂದ ಊರಿಗೆಲ್ಲ ತೆರೆಯುವುದಿತ್ತು. ಹುಡುಕುವ ಜಾಗದಲ್ಲಿ ಏನು ಬರೆದರೂ ಅದು ಪರೀಕ್ಷೆಯಿಲ್ಲದೆ ಒಳಗೆ ಹೋಗುತ್ತಿತ್ತು. ಗೊತ್ತಿದ್ದವನು ನಾಲ್ಕಕ್ಷರ ಹಾಕಿದರೆ ಎಲ್ಲ ರೋಗಿಗಳ ಹೆಸರು, ಕಾಯಿಲೆ ಕೈಗೆ ಸಿಗುತ್ತಿತ್ತು. ಮೋನಿಷಾ ಅವರ ಒಪ್ಪಂದದ ನವೀಕರಣಕ್ಕೆ ಎರಡು ತಿಂಗಳಿತ್ತು.

"ಎಲ್ರ ಮುಂದೆ ದೊಡ್ಡದಾಗಿ ಬೋರ್ಡ್ ಮೇಲೆ ಬರೆದಿದ್ದೋಳು ನಾನು ಸಾರ್. ಆ ಹೊತ್ನಲ್ಲಿ ನೋಡೋಕೆ ಯಾರಿದ್ರು? ಅಳಿಸಿ ಸರಿಮಾಡಿದ್ರೆ ಮುಗೀತಿತ್ತು. ಅರ್ಧ ಗಂಟೆ ಹಂಗೇ ಕೂತಿದ್ದೆ."

ಆಮೇಲೆ ಅವತ್ತಿನ ಪಟ್ಟಿಯ ಮೊದಲ ಸಾಲಾಗಿ ಅದನ್ನೇ ಹಾಕಿದರು, ತಮ್ಮ ಹೆಸರಿನ ಸಮೇತ. ಬೋರ್ಡಿನ ಸಂಖ್ಯೆಗೂ ಒಂದು ಕೂಡಿಸಿದರು. ಮಧುಕರ್ ಬಂದವರೇ ಪುಟವನ್ನು ಸರಿಮಾಡಿಸಿದರು. ಸೈಟು ಸೋಮವಾರದ ಬದಲು ಬುಧವಾರ ತೆರೆಯಿತು.

ಮಧುಕರ್ ಅವರನ್ನು ಕೇಳಿದೆ. "ಅವ್ರು ಹೇಳ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಥ್ಯಾಂಕ್ಸ್ ಅಂತ ಮೇಲ್ ಹಾಕ್ದೆ" ಎಂದವರು ತಲೆ ಕೆರೆದುಕೊಂಡರು. "ಎದುರಿಗೆ ಹೋಗಿ ಹೇಳೋಕೆ ಒಂಥರಾ ಆಗುತ್ತೆ ಸಾರ್. ಆ ಮೈಸೂರ್‌ಪಾಕ್ ತಂದಿದ್ದು ನಾನೇ ಅಲ್ವಾ." ನವೀಕರಣದ ಬಗ್ಗೆ ಇನ್ನೂ ಯಾರೂ ಏನೂ ಹೇಳಿಲ್ಲ.

ಎಂಟೂವರೆ. ಹೊರಗೆ ಸ್ಕೂಟರುಗಳ ಸದ್ದು ಶುರುವಾಗಿದೆ. ಹೊರಡುವ ಮುಂಚೆ ಕೇಳಿದೆ, ಏನಾದರೂ ಆಸೆಯಿದೆಯೇ ಎಂದು. ಹಗಲಿನ ಪಾಳಿಯನ್ನೋ ಕಾಯಂ ನೌಕರಿಯನ್ನೋ ಕೇಳುತ್ತಾರೆ ಎಂದುಕೊಂಡಿದ್ದೆ. ಮೋನಿಷಾ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದರು.

"ಇನ್ನೊಬ್ರು ಬೇಕು ಸಾರ್, ಇದೇ ಹೊತ್ಗೆ. ಮೂವತ್ತೈದು ಜನದ್ದು ನಾನು ನೋಡ್ತೀನಿ. ನಂದನ್ನ ಎರಡು ವರ್ಷ ಯಾರೂ ನೋಡ್ಲಿಲ್ಲ."